ಮದ್ದು ಮುಟ್ಟಿದ ಕೈಗೆ ದಾರ

ಆ ದಿನ ನಡೆದದ್ದನ್ನು ನಾನು ಇದುವರೆಗೆ ಮೂವರಿಗೆ ಹೇಳಿದ್ದೇನೆ: ಮಳವಳ್ಳಿಯ ಡಾಕ್ಟರಿಗೆ, ದ್ರಾಕ್ಷಿ ತೋಟದ ಮಾಲೀಕರಿಗೆ, ಮನೆಯಲ್ಲಿ ಹೆಂಡತಿಗೆ. ಮೂರೂ ಸಲ ಒಂದೇ ಥರ ಹೇಳಿದೆ ಎಂದುಕೊಂಡಿದ್ದೆ. ಡಾಕ್ಟರಿಗೂ ಮಾಲೀಕರಿಗೂ ಹೇಳಿದ್ದನ್ನು ನನ್ನಿಂದಲೇ ಕೇಳಿದ ಹೆಂಡತಿ ಹಾಗಾಗಿಲ್ಲ ಎನ್ನುತ್ತಾಳೆ. ಬಿಸಿಲು ಎಷ್ಟಿತ್ತು, ಯಾರು ಎಲ್ಲಿ ನಿಂತಿದ್ದರು, ಮೊದಲು ಕೂಗಿದ್ದು ಯಾರು ಎಂಬುದೆಲ್ಲ ಪ್ರತಿಸಲವೂ ಸ್ವಲ್ಪ ಸ್ವಲ್ಪ ಬದಲಾಗಿದೆಯಂತೆ. ಅವು ಬದಲಾದರೆ ಯಾರಿಗೂ ನಷ್ಟವಿಲ್ಲ. ಒಂದು ಸಂಗತಿ ಮಾತ್ರ ಹಾಗಲ್ಲ. ತೋಟದ ಕೆಲಸಗಾರರ ಗುಂಪಿನ ಹಿರಿಯ ಹೆಂಗಸು ನನಗೆ ಎಚ್ಚರಿಕೆ ಕೊಟ್ಟದ್ದು ವೈನ್ ಸುರಿಯುವುದಕ್ಕೆ ಮೊದಲೋ, ಎಲ್ಲ ಮುಗಿದ ಮೇಲೋ? ಆಮೇಲೆ ಎಂದು ನಾನು ಮಾಲೀಕರಿಗೆ ಹೇಳಿದೆ. ಮೊದಲೇ ಎಂದು ಆಕೆ ಹೇಳಿದರು. ಮಾಲೀಕರು ಓದಿದವನ ಮಾತು ನಂಬಿದರು. ಆಕೆಯ ಗುಂಪಿಗೆ ಆ ತೋಟದ ಕೆಲಸ ಹೋಯಿತು.

ಸೈಕಲ್ ಮೇಲೆ ಅತಿಥಿಗಳನ್ನು ಕರೆದುಕೊಂಡು ಹೋಗಿ, ತೋಟ ಸುತ್ತಿಸಿ, ವೈನ್ ರುಚಿ ತೋರಿಸಿ, ಸಂಜೆಗೆ ಕ್ಷೇಮವಾಗಿ ಬಿಡುವುದು ನನ್ನ ಕೆಲಸ. ಆ ಸಲ ಆರು ಮಂದಿ ಇದ್ದರು. ಮೈಸೂರಿನ ನಿವೃತ್ತ ಗಣಿತ ಅಧ್ಯಾಪಕಿ ಒಬ್ಬರು, ಅರವತ್ತೆರಡು ವರ್ಷ. ಮಿಕ್ಕ ಐವರು ಬೆಂಗಳೂರಿನ ಸ್ನೇಹಿತರು. ಬೆಳಿಗ್ಗೆ ಆರೂವರೆಗೆ ಮದ್ದೂರು ಸ್ಟೇಷನ್ ಹೊರಗೆ ನಮ್ಮ ಮೆಕ್ಯಾನಿಕ್ ವ್ಯಾನಿನಿಂದ ಸೈಕಲ್ಲುಗಳನ್ನು ಇಳಿಸುತ್ತಿದ್ದರು. ಅವರು ಮಳವಳ್ಳಿಯವರು. ಪೇಟೆಯಲ್ಲಿ ಅವರ ತಂದೆಯ ಕಾಲದ ಸೈಕಲ್ ಅಂಗಡಿಯಿದೆ. ನಾನು ಹಿಂದೆ ಎಂಟು ತಿಂಗಳು ಕಾಲೇಜಿನಲ್ಲಿ ಪಾಠ ಮಾಡಿದ್ದಕ್ಕೆ ಇವತ್ತಿಗೂ ನನ್ನನ್ನು ಮೇಷ್ಟ್ರೇ ಎಂದೇ ಕರೆಯುತ್ತಾರೆ.

ಅಧ್ಯಾಪಕಿ ಸೀಟು ಒತ್ತಿ ನೋಡಿ, "ಏನಪ್ಪಾ, ಇದು ಕಲ್ಲಿನ ಹಾಗಿದೆಯಲ್ಲ?" ಎಂದರು.

"ಹತ್ತು ಕಿಲೋಮೀಟರು ತಡ್ಕಳಿ ಮೇಡಮ್," ಎಂದರು ಮೆಕ್ಯಾನಿಕ್. "ಆಮ್ಯಾಕೆ ಅದು ಕಲ್ಲೋ ನೀವು ಕಲ್ಲೋ ಗೊತ್ತೇ ಆಗಲ್ಲ."

ಆಕೆ ಜೋರಾಗಿ ನಕ್ಕರು. ಆ ನಗು ನನಗೆ ಚೆನ್ನಾಗಿ ನೆನಪಿದೆ. ಅಂದರೆ, ನೆನಪಿದೆ ಎಂದುಕೊಂಡಿದ್ದೇನೆ.

ಹೆದ್ದಾರಿ ಬಿಟ್ಟು ಒಳರಸ್ತೆಗಳಲ್ಲಿ ಹಲಗೂರಿನ ಕಡೆಗೆ ಹೊರಟೆವು. ನನ್ನ ಪದ್ಧತಿ ಸರಳ. ಪ್ರತಿ ಐದು ಕಿಲೋಮೀಟರಿಗೆ ನಿಲ್ಲುವುದು, ತಲೆ ಎಣಿಸುವುದು, ಎಲ್ಲರೂ ನನ್ನ ಕಣ್ಣೆದುರೇ ನೀರು ಕುಡಿಯುವುದು. ವ್ಯಾನು ಕೊನೆಯ ಸೈಕಲ್ಲಿನ ಹಿಂದೆ ಬರುತ್ತದೆ. ವೈನ್ ಕುಡಿದ ಮೇಲೆ ಒಂದೂವರೆ ಗಂಟೆ ಯಾರೂ ಪೆಡಲು ತುಳಿಯುವಂತಿಲ್ಲ. ಬಿಸಿಲು, ಲಾರಿ, ನಾಯಿ, ನಾಲೆಯ ಏರಿ, ಕುಡಿತ ಇವೆಲ್ಲಕ್ಕೂ ಒಂದೊಂದು ನಿಯಮ ಮಾಡಿಟ್ಟುಕೊಂಡಿದ್ದೆ. ಅಪಾಯ ಬಂದರೆ ಈ ಐದರಲ್ಲಿ ಒಂದು ಬಾಗಿಲಿನಿಂದಲೇ ಬರುತ್ತದೆ ಎಂಬ ನಂಬಿಕೆ ನನಗಿತ್ತು.

ತೋಟ ತಲುಪಿದಾಗ ಒಂಬತ್ತೂಮುಕ್ಕಾಲು. ಕೆಳಗೆ ಕಬ್ಬು, ಮೇಲೆ ಕೆಂಪು ಮಣ್ಣಿನ ಇಳಿಜಾರಿನಲ್ಲಿ ದ್ರಾಕ್ಷಿಯ ಸಾಲುಗಳು. ಎರಡು ದಿನದ ಹಿಂದೆ ಬಳ್ಳಿಗಳನ್ನು ಸವರಿದ್ದರು. ಎಲೆಯಿಲ್ಲದ ಬೋಳು ಕಡ್ಡಿಗಳು ತಂತಿಯ ಮೇಲೆ ಸಾಲಾಗಿ ನಿಂತಿದ್ದವು. ಹೀಗೆ ಸವರಿದ ಮೇಲೆ ಕಡ್ಡಿಯ ಕಣ್ಣುಗಳೆಲ್ಲ, ಅಂದರೆ ಚಿಗುರೊಡೆಯುವ ಗಂಟುಗಳೆಲ್ಲ, ಒಟ್ಟಿಗೆ ಎಚ್ಚರವಾಗಲೆಂದು ಒಂದು ಮದ್ದು ಹಚ್ಚುತ್ತಾರೆ. ಮದ್ದನ್ನು ನೀರಿಗೆ ಬೆರೆಸಿ, ಹಚ್ಚಿದ ಕಣ್ಣು ಯಾವುದು, ಬಿಟ್ಟದ್ದು ಯಾವುದು ಎಂದು ಗೊತ್ತಾಗಲು ಕೆಂಪು ಬಣ್ಣ ಸೇರಿಸಿ, ಸ್ಪಂಜಿನಲ್ಲಿ ಅದ್ದಿ ಒಂದೊಂದೇ ಕಣ್ಣಿಗೆ ಒತ್ತುತ್ತಾ ಹೋಗಬೇಕು. ಅವತ್ತು ಆ ಕೆಲಸ ಶುರುವಾಗುವ ದಿನ.

ಗುಂಪಿನ ಹಿರಿಯರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ನಾವು ಹೋದಾಗ ಅವರು ಗಂಡಾಳುಗಳನ್ನು ಸಾಲಾಗಿ ನಿಲ್ಲಿಸಿ, ಮಾದಪ್ಪನ ಹೆಸರು ಹೇಳಿ, ಒಬ್ಬೊಬ್ಬರ ಮಣಿಕಟ್ಟಿಗೂ ಅರಿಸಿನ ಹಚ್ಚಿದ ದಾರ ಕಟ್ಟುತ್ತಿದ್ದರು. ದಾರ ಇರುವಷ್ಟು ದಿನ ಅವರು ಕುಡಿಯುವಂತಿಲ್ಲ. ಎಂಟನೆಯ ದಿನ ದೊಡ್ಡಮ್ಮನೇ ಕತ್ತರಿಸುತ್ತಾರೆ.

"ಬಿಗಿಯಾಗ್ ಕಟ್ ಬ್ಯಾಡ ಕಣಮ್ಮ, ರಕ್ತ ನಿಂತೋಯ್ತದೆ," ಎಂದ ಒಬ್ಬ.

"ನಿನ್ ಮೈಯಾಗೆ ರಕ್ತ ಎಲ್ಲೈತ್ಲಾ? ಇರೋದೆಲ್ಲ ಬಾಟ್ಲಿದು. ಕೈ ನೀಡು ಸುಮ್ಕೆ."

"ಎಂಟ್ ದಿನ ನಾನು ಬದುಕಿರ್ತೀನಾ?"

"ನಿನ್ನೆಂಡ್ತಿ ಅದ್ನೇ ಕೇಳವ್ಳೆ. ಇದ್ರೆ ಇಂಗೇ ಇರ್ಲಿ ಅಂತ."

ಅತಿಥಿಗಳು ಫೋಟೊ ತೆಗೆದುಕೊಂಡರು. ನಾನು ಪಕ್ಕದಲ್ಲಿ ನಿಂತು ವಿವರಣೆ ಕೊಟ್ಟೆ. ಕೃಷಿಯ ಜೊತೆ ಬೆಸೆದುಕೊಂಡ ಹರಕೆ, ದೇಹವನ್ನು ಕೆಲಸಕ್ಕೆ ಶುದ್ಧಗೊಳಿಸುವ ಆಚರಣೆ, ಹೀಗೆ ಏನೇನೋ. ವಿಶ್ವವಿದ್ಯಾಲಯದಲ್ಲಿ ಕಲಿತ ಮಾತುಗಳು. ಗಂಡಸರಿಗೆ ಮಾತ್ರ ಏಕೆ ಕಟ್ಟುತ್ತಾರೆ ಎಂದು ಅಧ್ಯಾಪಕಿ ಕೇಳಿದರು. ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಏನು ಹೇಳಿದೆನೋ ಮರೆತಿದ್ದೇನೆ. ಪಕ್ಕದಲ್ಲೇ ಇದ್ದ ದೊಡ್ಡಮ್ಮನನ್ನು ಮಾತ್ರ ಕೇಳಲಿಲ್ಲ.

ಆಮೇಲೆ ನಾನೇ ಒಂದು ಹೊಸ ಕಾರ್ಯಕ್ರಮ ಸೇರಿಸಿದೆ. ಅತಿಥಿಗಳೂ ಒಂದಷ್ಟು ಕಣ್ಣಿಗೆ ಮದ್ದು ಹಚ್ಚಲಿ ಎಂದೆ. ಕೆಲಸ ಮಾಡಿ ನೋಡಿದರೆ ರುಚಿಗೆ ಅರ್ಥ ಬರುತ್ತದೆ ಎಂಬ ಆಲೋಚನೆ. ಆಳುಗಳು ರಬ್ಬರ್ ಕೈಗವಸು ಹಾಕಿದ್ದರು. ಹೆಚ್ಚಿನ ಜೋಡಿ ಇರಲಿಲ್ಲ. ಸೈಕಲ್ಲಿನ ಗ್ಲೋವ್ಸ್ ಇದೆಯಲ್ಲ, ಸಾಕು ಎಂದೆ. ಈ ಮಾತು ನಾನು ಆಡಿದ್ದು ಖಂಡಿತ. ಸೈಕಲ್ಲಿನ ಗ್ಲೋವ್ಸಿಗೆ ಬೆರಳ ತುದಿ ಇರುವುದಿಲ್ಲ, ಅಂಗೈಯಲ್ಲಿ ಸ್ಪಂಜಿನ ಮೆತ್ತೆ ಇರುತ್ತದೆ. ಬೆವರನ್ನು ಹೀರಲೆಂದೇ ಮಾಡಿದ್ದು. ಅದು ಬೆವರನ್ನಷ್ಟೇ ಹೀರುವುದಿಲ್ಲ.

ಹೇಗೆಂದು ತೋರಿಸಲು ನಾನು ನಾಲ್ಕೈದು ಕಣ್ಣಿಗೆ ಹಚ್ಚಿದೆ. ಸ್ನೇಹಿತರಲ್ಲಿ ಒಬ್ಬ ಯುವಕ ಹತ್ತಿಪ್ಪತ್ತಕ್ಕೆ, ಒಬ್ಬಳು ಹುಡುಗಿ ಅಷ್ಟೇ. ಅಧ್ಯಾಪಕಿ ಅರ್ಧ ಗಂಟೆ ಬಿಡದೆ ಒಂದು ಸಾಲನ್ನೇ ಮುಗಿಸಿದರು. "ಒಂದೂ ಬಿಟ್ಟಿಲ್ಲ, ಎಣಿಸಿಕೊಳ್ಳಿ," ಎಂದು ಕೆಂಪಾದ ಕೈ ಎತ್ತಿ ತೋರಿಸಿದರು.

ಹನ್ನೊಂದೂಕಾಲಕ್ಕೆ ತೋಟದ ಶೆಡ್ಡಿನಲ್ಲಿ ಮೇಜು ಸಿದ್ಧವಾಗಿತ್ತು. ಬಿಳಿ, ತಿಳಿಗೆಂಪು, ಕೆಂಪು, ಮೂರು ಬಾಟಲಿ. ಒಂದೊಂದರಿಂದಲೂ ಒಬ್ಬೊಬ್ಬರಿಗೆ ಎರಡೆರಡು ಗುಟುಕಿನಷ್ಟು. ಲೋಟವನ್ನು ಅದರ ತೆಳು ದಂಟಿನಲ್ಲಿ ಹಿಡಿಯಬೇಕು, ಓರೆ ಮಾಡಿ ಬಣ್ಣ ನೋಡಬೇಕು, ಮೂಸಬೇಕು, ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗಿಯಬೇಕು.

"ಉಗಿಯೋದಕ್ಕಾ ಇಷ್ಟು ದೂರ ತುಳ್ಕೊಂಡು ಬಂದಿದ್ದು?" ಎಂದು ಅಧ್ಯಾಪಕಿ ಮೂರನ್ನೂ ನುಂಗಿದರು. ಕೈಗೆ ಗ್ಲೋವ್ಸ್ ಹಾಗೆಯೇ ಇತ್ತು. ಮದ್ದು ಹಚ್ಚಿದ ಹುಡುಗಿ ಕುಡಿಯುವವಳಲ್ಲ, ಕಬ್ಬಿನ ಹಾಲು ತರಿಸಿಕೊಂಡಳು. ನಾನು ಬಿಳಿಯದನ್ನು ಒಂದು ಗುಟುಕು ಬಾಯಿಗೆ ಹಾಕಿ ಉಗಿದೆ.

ಹನ್ನೊಂದೂಮುಕ್ಕಾಲರ ಹೊತ್ತಿಗೆ ಅಧ್ಯಾಪಕಿ ಮಾತು ನಿಲ್ಲಿಸಿದರು. ನೋಡಿದರೆ ಮುಖ ಕೆಂಪಾಗಿತ್ತು. ಬಿಸಿಲಿನ ಕೆಂಪಲ್ಲ. ಕುತ್ತಿಗೆಯಿಂದ ಹತ್ತಿ ಕಿವಿಯವರೆಗೆ ಯಾರೋ ಬಳಿದ ಹಾಗೆ. ಕಣ್ಣಿನ ಬಿಳಿಯೂ ಕೆಂಪು.

"ಎದೆ ಹೊಡ್ಕೋತಾ ಇದೆ," ಎಂದರು. "ಓಡಿ ಬಂದ ಹಾಗೆ."

ನನ್ನ ಪಟ್ಟಿಯ ಮೊದಲ ಬಾಗಿಲು ಬಿಸಿಲು. ನೆರಳಿನಲ್ಲಿ ಮಲಗಿಸಿದೆ, ಕಾಲ ಕೆಳಗೆ ಬ್ಯಾಗಿಟ್ಟೆ, ಹಣೆಗೆ ಒದ್ದೆ ಬಟ್ಟೆ, ಉಪ್ಪು ಸಕ್ಕರೆ ನೀರು. ನಾಡಿ ಹಿಡಿದೆ. ನೂರಮೂವತ್ತರ ಹತ್ತಿರ. ಐದು ನಿಮಿಷ ಬಿಟ್ಟು ಮತ್ತೆ ಹಿಡಿದೆ. ಇಳಿದಿರಲಿಲ್ಲ, ತೆಳ್ಳಗಾಗಿತ್ತು. ಬೆರಳ ಕೆಳಗೆ ನೂಲು ಓಡಿದ ಹಾಗೆ. ಆಕೆ ಉಸಿರನ್ನು ತುಂಡು ತುಂಡಾಗಿ ಎಳೆಯುತ್ತಿದ್ದರು. ನನಗೂ ಮುಖ ಬಿಸಿಯಾಗಿ ಎದೆ ಬಡಿದುಕೊಳ್ಳತೊಡಗಿತು. ಅದು ಹೆದರಿಕೆಯೋ ಬೇರೆಯೇನೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಗ ಆ ಯುವಕ ಬಂದು ಪಕ್ಕದಲ್ಲಿ ಕುಕ್ಕರಿಸಿ ಕುಳಿತ. ಅವನ ಮುಖವೂ ಕೆಂಪಾಗಿತ್ತು.

ವ್ಯಾನು ಊಟ ತರಲು ಮಳವಳ್ಳಿಗೆ ಹೋಗಿತ್ತು. ತೋಟದ ಲಗೇಜ್ ಆಟೊ ಪೇಟೆಗೆ ಹೋಗಿತ್ತು. ಶೆಡ್ಡಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ನೀರಿನ ತೊಟ್ಟಿಯ ಮೇಲೆ ಹತ್ತಿ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಊಟ ಅಲ್ಲೇ ಬಿಟ್ಟು ಬನ್ನಿ," ಎಂದೆ. ಅವರು ಮರುಮಾತಾಡದೆ, "ಇಪ್ಪತ್ ನಿಮ್ಸ ಮೇಷ್ಟ್ರೇ," ಎಂದರು.

ಆ ತೊಟ್ಟಿಯ ಮೇಲೆ ನಿಂತು ನಾನು ಜೇಬಿನ ಪುಸ್ತಕ ತೆಗೆದೆ. ಒಬ್ಬರು ಸಾಯುತ್ತಿರುವಾಗ ಬರೆಯಲು ಕೂತನೇ ಎಂದು ಯಾರಾದರೂ ಕೇಳಬಹುದು. ಯೋಚಿಸಲು ನನಗೆ ಬೇರೆ ದಾರಿ ತಿಳಿಯದು. ನಾಲ್ಕು ಮನೆ ಎಳೆದೆ. ಕುಡಿದವರು, ಕುಡಿಯದವರು, ಮದ್ದು ಮುಟ್ಟಿದವರು, ಮುಟ್ಟದವರು. ಬಿಸಿಲು ಎಲ್ಲರಿಗೂ ಒಂದೇ, ಆದ್ದರಿಂದ ಬಿಟ್ಟೆ. ವೈನ್ ಕೆಟ್ಟಿದ್ದರೆ ಕುಡಿದ ಐವರೂ ಕೆಂಪಾಗಬೇಕಿತ್ತು. ಮೂವರಿಗೆ ಏನೂ ಆಗಿರಲಿಲ್ಲ. ಆ ಮೂವರು ದೂರ ನಿಂತು ಫೋಟೊ ತೆಗೆದವರು. ಮದ್ದು ಮುಟ್ಟಿಯೂ ಕುಡಿಯದ ಹುಡುಗಿ ಚೆನ್ನಾಗಿದ್ದಳು. ಮುಟ್ಟಿದವರು, ಕುಡಿದವರು, ಎರಡೂ ಆದ ಮನೆಯಲ್ಲಿ ಇಬ್ಬರು. ಆ ಇಬ್ಬರೇ.

ಕೆಳಗಿಳಿದು ಸಾಲುಗಳ ನಡುವೆ ಓಡಿದೆ. ದೊಡ್ಡಮ್ಮನನ್ನು ಕೇಳಿದೆ, "ಈ ಮದ್ದು ಮುಟ್ಟಿ ವೈನ್ ಕುಡಿದರೆ ಏನಾಗುತ್ತೆ?"

ಅವರ ಕೈಯ ಸ್ಪಂಜು ಕೆಳಗೆ ಬಿತ್ತು. "ಕುಡುದ್ರಾ? ಯಾರು? ಆ ಟೀಚರಮ್ಮನಾ?"

ಆ ವಯಸ್ಸಿನಲ್ಲಿ ಅವರು ನನಗಿಂತ ಮುಂದೆ ಓಡಿದರು. ಬಂದವರೇ ಮೊದಲು ಹಿಡಿದದ್ದು ಅಧ್ಯಾಪಕಿಯ ಕೈ. ಆ ಗ್ಲೋವ್ಸ್! ಇಪ್ಪತ್ತೈದು ನಿಮಿಷದಿಂದ ನಾಡಿ ಹಿಡಿದು, ಬಟ್ಟೆ ಹಾಕಿ, ನೀರು ಕುಡಿಸಿ, ನಾನು ಅದನ್ನು ಬಿಚ್ಚಿರಲಿಲ್ಲ. ದೊಡ್ಡಮ್ಮ ಕಿತ್ತು ಎಸೆದರು. ಅಂಗೈ ಸುಕ್ಕುಗಟ್ಟಿ ಕೆಂಪು ಬಣ್ಣ ಕುಡಿದಿತ್ತು. ಸೋಪು ಹಚ್ಚಿ ಮೊಣಕೈವರೆಗೆ ಮೂರು ಸಲ ತೊಳೆದರು. ಯುವಕನ ಕೈಯನ್ನೂ ತೊಳೆದರು.

"ಓದ ವರ್ಸ ಒಬ್ಬ ಇಂಗೇ ಬಿದ್ದ," ಎಂದರು ತೊಳೆಯುತ್ತಲೇ. "ಆಸ್ಪತ್ರೇಲಿ ಎರಡ್ ದಿನ. ಅದ್ಕೇ ದಾರ ಕಟ್ಟೋದು. ಡಬ್ಬದ್ ಮ್ಯಾಲೆ ಬರ್ದವ್ರೆ ಅಂದ್ರೆ ನಮ್ ಗಂಡುಸ್ರು ಕೇಳ್ತಾರಾ? ಮಾದಪ್ಪ ಅಂದ್ರೆ ಕೇಳ್ತರೆ. ಎಂಗುಸ್ರು ಕುಡಿಯಲ್ಲ, ಕಟ್ಟಲ್ಲ. ಈವಮ್ಮ ಕುಡೀತಾರೆ ಅಂತ ನಂಗೇನ್ ಗೊತ್ತು?" ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. "ಡಬ್ಬ ಓದೋರು ನೀವಲ್ವಾ?"

ಡಬ್ಬ ಹುಡುಕಿ ತಂದೆ. ಹೈಡ್ರೋಜನ್ ಸಯನಮೈಡ್. ಮದ್ಯದ ಬಗ್ಗೆ ಎಚ್ಚರಿಕೆ ಸಣ್ಣ ಅಕ್ಷರದಲ್ಲಿತ್ತು, ಆದರೆ ಓದಲಾರದಷ್ಟು ಸಣ್ಣದಲ್ಲ. ಅದರ ಫೋಟೊ ತೆಗೆದುಕೊಂಡೆ. ಗ್ಲೋವ್ಸನ್ನು ಪ್ಲಾಸ್ಟಿಕ್ ಕವರಿಗೆ ಹಾಕಿದೆ.

ವ್ಯಾನು ಬಂತು. ಇನ್ನೂ ಏನೇನು ಬೇಕಾಗಬಹುದು ಎಂದು ನಾನು ನಿಂತು ಯೋಚಿಸುತ್ತಿದ್ದಾಗ ಮೆಕ್ಯಾನಿಕ್ ಗದರಿದರು, "ಮೇಷ್ಟ್ರೇ, ಲೆಕ್ಕ ದಾರೀಲ್ ಆಕಿ. ಮೊದ್ಲು ಕಾಲ್ ಇಡ್ಕಳಿ, ಎತ್ತಿ!"

ಹಲಗೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ನಾನು ನೂರಾರು ಸಲ ಓಡಾಡಿದ್ದೇನೆ. ಅವತ್ತು ಒಂದು ಊರಿನ ಗುರುತೂ ಸಿಗಲಿಲ್ಲ. ಅಧ್ಯಾಪಕಿಯ ತಲೆ ನನ್ನ ತೊಡೆಯ ಮೇಲಿತ್ತು. ಯುವಕ ಮುಂದಿನ ಸೀಟಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡಿದ್ದ. ಇವರು ಬದುಕಲಿ, ಇವನೂ ಬದುಕಲಿ, ಎಂದು ಏನೋ ಗೊಣಗುತ್ತಿದ್ದೆ ಎಂದು ಮೆಕ್ಯಾನಿಕ್ ಆಮೇಲೆ ಹೇಳಿದರು. ನನಗೆ ಅದು ನೆನಪಿಲ್ಲ. ಉಸಿರಿನ ನಡುವಿನ ಅಂತರ ಮಾತ್ರ ನೆನಪಿದೆ. ಒಂದು ಸಲ ಆಕೆ ಕಣ್ಣು ತೆರೆದು, "ಉಗೀಬೇಕಿತ್ತು," ಎಂದರು. ಮತ್ತೆ ಮುಚ್ಚಿದರು. ಎಷ್ಟು ಹೊತ್ತು ಮುಚ್ಚಿದ್ದರೋ, ನಾನು ಅವರ ಮೂಗಿನ ಹತ್ತಿರ ಕೈ ಹಿಡಿದುಕೊಂಡೇ ಕುಳಿತಿದ್ದೆ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನವರು. ಬಾಯಿಯ ವಾಸನೆ ನೋಡಿ, "ಎಷ್ಟು ಕುಡಿಸಿದ್ದೀರಿ?" ಎಂದು ಕೇಳಿದರು.

"ಐದಾರು ಗುಟುಕು."

"ಎಲ್ಲರೂ ಹಾಗೇ ಹೇಳೋದು."

ಗ್ಲೋವ್ಸಿದ್ದ ಕವರು ಇನ್ನೂ ನನ್ನ ಕೈಯಲ್ಲೇ ಇತ್ತು. ಬಿಸಿಲು ಎಂದುಬಿಡಬಹುದಿತ್ತು. ವಯಸ್ಸು, ದಣಿವು, ವೈನ್, ಯಾವುದೂ ಸುಳ್ಳಲ್ಲ. ಮದ್ದಿನ ಮಾತು ತೆಗೆದರೆ, ಅವರ ಕೈಗೆ ಅದನ್ನು ಕೊಟ್ಟವನು ನಾನು ಎಂಬ ಮಾತೂ ಬರುತ್ತದೆ. ಆಕೆಯ ರಕ್ತದೊತ್ತಡ ಅಳೆಯುತ್ತಿದ್ದ ನರ್ಸ್ ಎರಡನೇ ಸಲ ಪಟ್ಟಿ ಸುತ್ತಿದರು. ಮೊದಲ ಸಲ ಸಿಕ್ಕಿದ ಸಂಖ್ಯೆಯನ್ನು ಅವರು ನಂಬಿರಲಿಲ್ಲ. ಅದನ್ನು ನೋಡಿ ನಾನು ಕವರನ್ನು ಮೇಜಿನ ಮೇಲಿಟ್ಟೆ, ಡಬ್ಬದ ಫೋಟೊ ತೋರಿಸಿದೆ, ನಾಲ್ಕು ಮನೆಯ ಹಾಳೆಯನ್ನೂ ಹರಿದುಕೊಟ್ಟೆ. "ನಾನೇ ಹಚ್ಚಿಸಿದೆ," ಎಂದೆ.

ಡಾಕ್ಟರು ಹಾಳೆಯನ್ನು ಎರಡು ಸಲ ಓದಿ ಮೈಸೂರಿನ ಹಿರಿಯರೊಬ್ಬರಿಗೆ ಫೋನ್ ಮಾಡಿದರು. ಇದಕ್ಕೆ ಪ್ರತ್ಯೇಕ ಮದ್ದಿಲ್ಲ, ಒತ್ತಡ ಬೀಳದ ಹಾಗೆ ಕಾಯಬೇಕು ಎಂದು ಅಲ್ಲಿಂದ ಹೇಳಿದರಂತೆ. ಡ್ರಿಪ್ ಹಾಕಿದರು, ಆಮ್ಲಜನಕ ಕೊಟ್ಟರು, ಮೈಯನ್ನೆಲ್ಲ ಮತ್ತೊಮ್ಮೆ ತೊಳೆಸಿದರು. ಹತ್ತು ನಿಮಿಷಕ್ಕೊಮ್ಮೆ ಅಳೆದರು. ಯುವಕ ಎರಡು ಗಂಟೆಯಲ್ಲಿ ಎದ್ದು ಕುಳಿತ. ಅಧ್ಯಾಪಕಿಯ ಒತ್ತಡ ಮೇಲೇರಲು ನಾಲ್ಕು ಗಂಟೆಯಾಯಿತು. ಬೆಂಚಿನ ಮೇಲೆ ಮೆಕ್ಯಾನಿಕ್ ನನ್ನ ಪಕ್ಕದಲ್ಲಿ ಕೂತು ಪ್ರಾರ್ಥನೆ ಮಾಡಿದರು. ನನಗೆ ಅದೂ ಬರುವುದಿಲ್ಲ. ಎದುರಿನ ಗೋಡೆಯ ಸುಣ್ಣದ ಬಿರುಕುಗಳನ್ನು ಎಣಿಸಿದೆ.

ಸಂಜೆ ಸೈಕಲ್ಲುಗಳನ್ನು ತರಲು ತೋಟಕ್ಕೆ ಹೋದೆವು. ಇಲ್ಲಿಂದ ಮುಂದಿನದನ್ನು ನೆನಪಿರುವ ಹಾಗೆಯೇ ಬರೆಯುತ್ತೇನೆ. ಪಂಪ್ ಮನೆಯ ಹತ್ತಿರ ದೊಡ್ಡಮ್ಮ ಒಬ್ಬರೇ ಕಾದಿದ್ದರು. "ಟೀಚರಮ್ಮ ಎಂಗವ್ರೆ?" ಎಂದು ಕೇಳಿದರು. ಬದುಕಿದರು ಎಂದೆ. ಅವರು ನನ್ನ ಬಲಗೈ ಹಿಡಿದುಕೊಂಡರು. ಹೊತ್ತು ಮುಳುಗುವ ಬೆಳಕು. ಮಣಿಕಟ್ಟಿನ ಹತ್ತಿರ ಅವರ ಬೆರಳು. ಹಳದಿ ದಾರ. "ಮದ್ದ್ ಮುಟ್ಟಿದ್ ಕೈ ಕಣಪ್ಪಾ. ಎಂಟ್ ದಿನ ಬಾಯ್ಗೆ ಆಕ್ ಬ್ಯಾಡ. ನಿನ್ ಜನುಕ್ಕೂ ಯೋಳು." ಇದು ನನ್ನ ಕಿವಿಯಲ್ಲಿ ಸ್ಪಷ್ಟವಾಗಿದೆ. ಇನ್ನೊಂದು ಮಾತೂ ಆಡಿದರು: "ಯೋಳಿದ್ನಲ್ಲಪ್ಪಾ." ಕೆಟ್ಟದ್ದು ನಡೆದ ಮೇಲೆ ಎಲ್ಲರೂ ಹಾಗೆ ಅಂದುಕೊಳ್ಳುತ್ತಾರೆ ಎಂದು ನಾನು ಅದನ್ನು ಅಲ್ಲೇ ಬಿಟ್ಟೆ.

ಮೂರನೆಯ ದಿನ ಮಾಲೀಕರು ಇಬ್ಬರನ್ನೂ ಕರೆಸಿ ಕೇಳಿದರು. "ಇವ್ರ್ ಕೈಗೆ ದಾರ ಕಟ್ಟಿ, ಯೋಳೇ ಕಳ್ಸಿದ್ದು," ಎಂದರು ದೊಡ್ಡಮ್ಮ. ಮಾಲೀಕರು ನನ್ನ ಕಡೆ ತಿರುಗಿದರು. ದಾರ ಕಟ್ಟಿದ್ದು ನಿಜ, ಆದರೆ ಸಂಜೆ ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗನ್ನಿಸಲಿಲ್ಲ. ದೊಡ್ಡಮ್ಮ ನನ್ನನ್ನು ಬೈಯಲಿಲ್ಲ. "ಓದ್ದೋರು. ಅವ್ರ್ಗೆ ಗೊತ್ತಿರ್ತದೆ ಬುಡಿ," ಎಂದು ಸೆರಗು ಹೊದ್ದು ಎದ್ದರು.

ಆ ಮಾತು ನನ್ನನ್ನು ಮಲಗಲು ಬಿಡಲಿಲ್ಲ. ಸಂಜೆ ಕಟ್ಟುವುದರಲ್ಲಿ ಏನರ್ಥ? ಅಷ್ಟೊತ್ತಿಗೆ ಕುಡಿದವರು ಆಸ್ಪತ್ರೆಯಲ್ಲಿದ್ದರು. ಮದ್ದು ಹಚ್ಚುವ ಮೊದಲು ಕಟ್ಟುವುದು ಅವರ ಪದ್ಧತಿ, ಮುಗಿದ ಮೇಲಲ್ಲ. ಸಂಜೆ ಅವರು ನನ್ನ ಕೈ ಹಿಡಿದದ್ದು ಗಂಟು ಇದೆಯೋ ಎಂದು ನೋಡಲಿಕ್ಕೂ ಇರಬಹುದು. ನೆನಪಿನಲ್ಲಿ ಬೆರಳಿದೆ, ದಾರವಿದೆ. ಗಂಟು ಹಾಕುವ ಚಿತ್ರ ಮಾತ್ರ ಎಷ್ಟು ಹುಡುಕಿದರೂ ಇಲ್ಲ. ಬೇಕಾಗಿದ್ದರಿಂದ ಆ ಎಚ್ಚರಿಕೆಯನ್ನು ನಾನೇ ಸಂಜೆಗೆ ತಂದಿಟ್ಟುಕೊಂಡೆನೇ?

ಅಧ್ಯಾಪಕಿ ಈಗ ಆರಾಮಾಗಿದ್ದಾರೆ. ಅವತ್ತು ಅವರು ತೆಗೆದ ಫೋಟೊಗಳನ್ನೆಲ್ಲ ಕೇಳಿದೆ. ಏಕೆಂದು ಕೇಳದೆ ಕಳಿಸಿದರು. ಅವುಗಳಲ್ಲಿ ಒಂದನ್ನು ತೋಟದ ಮಾಲೀಕರಿಗೆ ಕಳಿಸಿ, ನಾನು ಹೇಳಿದ್ದು ತಪ್ಪು, ದೊಡ್ಡಮ್ಮ ಹೇಳಿದ್ದು ನಿಜ ಎಂದು ಬರೆದಿದ್ದೇನೆ. ಉತ್ತರ ಬಂದಿಲ್ಲ. ದೊಡ್ಡಮ್ಮನ ಮನೆಗೆ ನಾಳೆ ಹೋಗುತ್ತೇನೆ.

ಫೋಟೊ ಶೆಡ್ಡಿನಲ್ಲಿ ತೆಗೆದದ್ದು. ಮೂರು ಬಾಟಲಿಯ ಮುಚ್ಚಳ ತೆಗೆದಿದೆ, ಲೋಟಗಳೆಲ್ಲ ಖಾಲಿ. ಅಧ್ಯಾಪಕಿಯ ಲೋಟಕ್ಕೆ ನಾನು ಮೊದಲ ಬಿಳಿ ವೈನ್ ಸುರಿಯುತ್ತಿದ್ದೇನೆ. ಬಾಟಲಿ ಹಿಡಿದ ಬಲಗೈಯ ಮಣಿಕಟ್ಟಿನಲ್ಲಿ ಹಳದಿ ದಾರ ಇದೆ.